ಅಮಾವಾಸ್ಯೆಯಂದು ಒಡೆದ ಗೋಡೆ

ಗೆದ್ದಲು ತಿಂದ ಕಟ್ಟಿಗೆಯ ಕಿಟಕಿ ಕಿತ್ತು, ಮೇಸ್ತ್ರಿಯನ್ನು ಕರೆಯದೆ ಯುಪಿವಿಸಿ ಕಿಟಕಿ ನಾನೇ ಕೂಡಿಸುತ್ತಿದ್ದೇನೆ. ಗೋಡೆಯ ಹಳೇ ಮಣ್ಣಿನ ವಾಸನೆಗೆ ಗಜೇಂದ್ರಗಡದ ಒಂದು ಮಧ್ಯಾಹ್ನ ನೆನಪಾಯಿತು.

ನಮ್ಮದು ನೇಕಾರರ ಮನೆ. ಮಗ್ಗದ ಕೋಣೆ ಕತ್ತಲೆ. ಕಡಿದ ಎಳೆ ಕಾಣದೆ, ಅವ್ವ ನೇಯ್ದ ಸೀರೆಗಳು ವಾಪಸು ಬರುತ್ತಿದ್ದವು. ಬಡಿಗೇರ ಮಾಡಿಕೊಟ್ಟ ಕಿಟಕಿ ಪಡಸಾಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಅಮಾವಾಸ್ಯೆಯಂದು ಮಗ್ಗಕ್ಕೆ ರಜೆ. ಅವತ್ತು ಅವ್ವ ಹಾರೆ ಹಿಡಿದು ಗೋಡೆಯ ಮುಂದೆ ನಿಂತಳು.

"ಅಮಾಸಿ ದಿನ ಗ್ವಾಡಿ ಒಡೀಬ್ಯಾಡ, ಮನಿಗೆ ಕೆಡಕ," ಅಂದಳು ಅಜ್ಜಿ.

"ಉಳಿದ ದಿನ ಮಗ್ಗ ಬಿಡೂದಿಲ್ರಿ ಅತ್ತಿ, ಇವತ್ತ ಅಮಾಸಿ ಬಿಡೂದಿಲ್ಲ. ಮತ್ತ ಯಾವಾಗ ಒಡೀಲ್ರಿ?"

ಅಜ್ಜಿ ಗೊಣಗುತ್ತ ಎದ್ದು, ತನ್ನ ಕೌದಿಯನ್ನು ತಂದು ಮಗ್ಗದ ಮೇಲೆ ಹೊದಿಸಿದಳು.

"ಹುಚ್ಚಿ, ನೂಲಿನ ಮ್ಯಾಲೆ ಮಣ್ಣ ಬೀಳೂದಿಲ್ಲೇನ? ಹೂಂ, ಈಗ ಹೊಡಿ."