ಸಣ್ಣ ದನಿಯ ಕಂಪ್ಯೂಟರ್

ಕಂಪ್ಯೂಟರ್ ಕೊಳ್ಳುವವರೆಲ್ಲ ಮೊದಲು ಇಂಗು ಹಿಡಿದು ಅದರ ಮೂಗು ಪರೀಕ್ಷಿಸುತ್ತಾರೆ. ಹಾವೇರಿಯಲ್ಲಿ ಮಸಾಲೆ ಖಾರ ಮಾಡಿ ಮಾರುವ ಬಸಲಿಂಗವ್ವ ಮಾತ್ರ, "ಇದ್ರಾಗ ಸಣ್ಣ ದನಿದು ಯಾವ್ದೈತಪಾ?" ಎಂದು ಕೇಳಿದಳು. ಒಲೆಯ ಬಳಿಗೊಂದು, ಮನೆಯ ಮುಂಭಾಗದ ಅಂಗಡಿಯಲ್ಲಿ ಕೂರುವ ಸೊಸೆ ಶಾಂಭವಿಗೊಂದು ಕೊಂಡಳು. ಎರಡನ್ನೂ ವೈರಿನಿಂದ ಜೋಡಿಸೋಣವೆಂದ ಸೊಸೆಗೆ, "ಬ್ಯಾಡವಾ, ಅವುಕ್ಕ ಏನ್ ಮಾತ ಇರ್ತಾವ?" ಎಂದಳು.

ಹೋದ ವರ್ಷದ ಜ್ವರಕ್ಕೆ ಬಸಲಿಂಗವ್ವನ ಮೂಗು ಸತ್ತುಹೋಗಿತ್ತು. ಅವಳ ಖಾರಕ್ಕೆ ಹೆಸರು ಬಂದದ್ದೇ ಆ ಮೂಗಿನಿಂದ, ಯಾರಿಗೆಂದು ಹೇಳುವುದು? ಸೊಸೆ ಹೊಗೆಗೆ ಕೆಮ್ಮಿದಾಗಲೆಲ್ಲ ಬಾಣಲೆ ಇಳಿಸುತ್ತ ಹೇಗೋ ಕಾಲ ತಳ್ಳಿದ್ದಳು.

ಮರುದಿನ ಕೊತ್ತಂಬರಿ ಬೀಜ ಹುರಿಯುತ್ತ, ಕಂಪ್ಯೂಟರಿನತ್ತ ಬಗ್ಗಿ ಮೆಲ್ಲಗೆ ಕೇಳಿದಳು: "ಘಮ ಬಂತೇನ?"

"ಈಗ ಬಂತ್ರಿ, ಇಳಸ್ರಿ," ಎಂದು ಅದು ಪಿಸುಗುಟ್ಟಿತು. ಅದೇ ಮಾತು ಅಂಗಡಿಯ ಕಂಪ್ಯೂಟರಿನಿಂದಲೂ ಜೋರಾಗಿ ಕೇಳಿಸಿತು. ಮಗುಚುತ್ತಿದ್ದ ಕೈ ನಿಂತುಬಿಟ್ಟಿತು. ಸೊಸೆ ಎರಡನ್ನೂ ಜೋಡಿಸಿಯೇಬಿಟ್ಟಿದ್ದಾಳೆ!

ಶಾಂಭವಿ ಒಳಗೆ ಬಂದು ಬಾಣಲೆ ಇಳಿಸಿದಳು. ಅತ್ತೆಯ ಮುಖ ನೋಡದೆ, ಗಂಟಲು ಸವರಿಕೊಳ್ಳುತ್ತ ಕೇಳಿದಳು:

"ಇನ್ನ ನಾ ಕೆಮ್ಮೂದು ಬಿಡ್ಲೇನ್ರಿ, ಅತ್ತಿ?"