ಹೆಚ್ಚಿನ ಅರವತ್ತು ಕಿಲೋ

ಮೇಲ್ವಿಚಾರಕ ಚನಬಸಪ್ಪ ತೂಕದ ಕಾಟಾದ ಹಲಗೆಯ ಮೇಲಿದ್ದ ಲಾರಿಯ ಬಿದಿರಿನ ಮೇಲೆ ಹತ್ತಿ ನಿಂತು, ಕಂತೆಗಳ ನಡುವೆ ಕಬ್ಬಿಣದ ಸರಳು ಚುಚ್ಚಿದ. ಎಲ್ಲೂ ಕಲ್ಲು ತಾಗಲಿಲ್ಲ. ಕೆಳಗೆ ಕಾಟಾದ ಮುಳ್ಳಿನ ಮುಂದೆ ಕೂತಿದ್ದ ಗುಮಾಸ್ತ ಪರಸಪ್ಪ ಕೂಗಿದ: "ಜೋಯಿಡಾ ಡಿಪೋದ ಚೀಟಿಗಿಂತ ಇವತ್ತೂ ಅರವತ್ತು ಕಿಲೋ ಜಾಸ್ತಿ ಐತ್ರಿ."

"ದಾರ್ಯಾಗ ನೀರು ಹೊಡದೀಯೇನು?" ಚನಬಸಪ್ಪ ಮೇಲಿಂದಲೇ ಡ್ರೈವರ್ ಉಳವಪ್ಪನನ್ನು ಗದರಿದ. "ನಾ ಈ ಕಾಗದದ ಗಿರಣಿಗೆ ಬಂದು ವಾರಾತು. ದಿನಾ ಲಾರಿ ಹತ್ತಿ ನೋಡತೇನಿ, ದಿನಾ ತೂಕ ಜಾಸ್ತಿ. ಎಲ್ಲಾರೂ ಕಳ್ಳರ! ನಾಳೆಯಿಂದ ನಿನ್ನ ಲಾರಿ ಗೇಟಿನೊಳಗ ಬಿಡಂಗಿಲ್ಲ."

ಉಳವಪ್ಪ ಬಿದಿರನ್ನು ಸವರಿ, ಒದ್ದೆಯಾಗದ ಅಂಗೈ ತೋರಿಸಿದ. ಆಮೇಲೆ ತಲೆಯೆತ್ತಿ ಮೇಲೆ ನಿಂತವನನ್ನೇ ದಿಟ್ಟಿಸಿದ. "ಸಾಹೇಬ್ರ, ಒಂದೀಟು ಕೆಳಗ ಇಳೀರಿ."

ಚನಬಸಪ್ಪ ಸರಳು ಹಿಡಿದೇ ಇಳಿದು, ಕಾಟಾದ ಹಲಗೆ ದಾಟಿ ಅನುಮಾನದಿಂದ ನಿಂತ. ಪರಸಪ್ಪ ಮುಳ್ಳನ್ನು ನೋಡಿದ, ಚೀಟಿಯನ್ನು ನೋಡಿದ.

"ಈಗ ಬರೋಬರಿ ಐತ್ರಿ."