ಮೂರನೆಯ ಪ್ರಶ್ನೆ

ಇಂಚರಾ ನಾಲ್ಕು ವರ್ಷದವಳಿದ್ದಾಗ, "ನಿಂಗೆ ಹತ್ತು ತುಂಬೋದ್ರೊಳಗೆ ವಿಮಾನ ಹತ್ತಿಸ್ತೀನಿ ಪುಟ್ಟಿ" ಎಂದು ಮಾತು ಕೊಟ್ಟಿದ್ದೆ. ಹತ್ತು ತುಂಬಲು ಒಂದೇ ದಿನ ಬಾಕಿಯಿರುವಾಗ ನಾವಿಬ್ಬರೂ ವಿಮಾನ ನಿಲ್ದಾಣಕ್ಕೆ ಬಂದೆವು.

ದೊಡ್ಡವರಿಗೆ ಗುರುತಿನ ಚೀಟಿ ಸಾಕು. ಮಕ್ಕಳಿಗೆ ಹೆತ್ತವರ ಉತ್ತರವೇ ಗುರುತು. ದೇಶದೊಳಗಾದರೆ ಮೂರು ಪ್ರಶ್ನೆ, ಹೊರದೇಶಕ್ಕಾದರೆ ಏಳು; ಒಂದು ತಪ್ಪಿದರೂ ವಿಮಾನ ಹತ್ತಿಸುವುದಿಲ್ಲ. ಮಗಳು ಸರಿಯುತ್ತರಗಳನ್ನು ಆಗಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟು ಗಾಜಿನಾಚೆ ಕೂತಿದ್ದಳು.

"ಮಗೂಗೆ ಸೇರದ ತರಕಾರಿ?" ಕೌಂಟರಿನಾಕೆ ಕೇಳಿದರು.

"ಸೀಮೆಬದನೆ."

"ಮಲಗೋವಾಗ ಕೈಯಲ್ಲಿ ಏನು ಹಿಡ್ಕೋತಾಳೆ?"

"ನನ್ನ ಹಳೇ ವೇಲು."

"ಈಗ ಯಾರ ಜೊತೆ ಟೂ ಬಿಟ್ಟಿದ್ದಾಳೆ?"

ನಾನು ಬಸ್ ಕಂಡಕ್ಟರ್. ದಿನವೂ ಬರುವವರು ಎಲ್ಲಿ ಇಳಿಯುತ್ತಾರೆಂದು ಕೇಳದೆಯೇ ಹೇಳಬಲ್ಲೆ. ಈ ರಜೆ ಸಿಗಲೆಂದು ಎರಡೆರಡು ಪಾಳಿ ಮಾಡಿದ್ದೆ. ಮನೆಯಲ್ಲಿ ಮಗಳು ಮಾತಾಡದಿದ್ದರೆ, ಜಾಣೆಯಾಗಿದ್ದಾಳೆ, ಹಟ ಬಿಟ್ಟಿದ್ದಾಳೆ ಎಂದುಕೊಂಡಿದ್ದೆ.

"ಪಕ್ಕದ್ಮನೆ ತನ್ವಿ ಜೊತೆ," ಎಂದೆ, ಬಾಯಿಗೆ ಬಂದ ಹೆಸರು.

ಆಕೆ ಚೀಟಿಯನ್ನು ನನ್ನತ್ತ ತಿರುಗಿಸಿದರು. ಮಗಳ ಗುಂಡು ಅಕ್ಷರ: 'ಅಮ್ಮನ ಜೊತೆ. ನನ್ನ ನಾಟಕಕ್ಕೆ ಬರಲಿಲ್ಲ. ಹನ್ನೊಂದು ದಿನ ಆಯ್ತು. ಅಮ್ಮಂಗೆ ಇನ್ನೂ ಗೊತ್ತಾಗಿಲ್ಲ.'

"ಬೇಜಾರ್ ಮಾಡ್ಕೋಬೇಡಿ ಮೇಡಂ, ಒಂದು ತಿಂಗಳು ಬಿಟ್ಟು ಬನ್ನಿ," ಎಂದು ಆಕೆ ಮೆಲ್ಲಗೆ ಹೇಳಿದರು. ಸಾಲಿನಲ್ಲಿ ನನ್ನ ಹಿಂದಿದ್ದವರು ಕೇಳಿಸದವರಂತೆ ನೆಲ ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯತ್ತ ಮುಖ ಮಾಡಿ ಕೂತಳು. ರಾಜಿಯಾಗೋಣವೇ ಎಂದು ಕೇಳಲು ನನಗೆ ಮುಖವಿರಲಿಲ್ಲ.

ಹತ್ತು ತುಂಬುವುದರೊಳಗೆ ಇಂಚರಾ ವಿಮಾನ ಹತ್ತಲಿಲ್ಲ.